ಕಾಲಿಂಚು ಸಡಿಲ

ಧನುರ್ಮಾಸ ಹಿಡಿದ ಮೇಲೆ ನಮ್ಮತ್ತೆ ಗಂಗಹನುಮಕ್ಕನ
ಬಲಗಿವಿಯೊಳಗೆ ಶ್ರೀರಾಂಪುರದ ಗಾಳಿಯೆಲ್ಲ ಬಂದು ಕೂತಿದೆ.
ಹತ್ತಿ ಇಟ್ಟು, ಮಫ್ಲರು ಸುತ್ತಿ, ಮೇಲೊಂದು ಮಂಕಿ ಟೋಪಿ ಎಳೆದರೂ
"ಸುಯ್ ಅಂತದೆ ಕಣೇ, ಯಾರೋ ಚಾಡಿ ಹೇಳ್ದಂಗೆ."
ಬೆರಳು ಕಿಟಕಿಯತ್ತ.

ಓನರ್ ಪಿಳ್ಳಪ್ಪನವರು ಮೆಟ್ಟಿಲಲ್ಲೇ ನಿಂತು
"ಹೊನ್ನೆ ಮರ ಕಣಮ್ಮ, ನಮ್ಮಪ್ಪ ಇಡಿಸಿದ್ದು,
ಅದಕ್ಕೇನಾಗದೆ? ನಿಮಗೇ ಚಳಿ ಜಾಸ್ತಿ" ಅಂದರು.
ಬಡಗಿ ಜಬೀವುಲ್ಲಾ ಒಮ್ಮೆ ತಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ,
ಕಿತ್ತು ಹೊಸದಿಡಬೇಕು, ಹದಿನೆಂಟು ಸಾವಿರ ಅಂದ.
ರವಿಕೆಯೊಂದಕ್ಕೆ ನಾನು ತಗೊಳ್ಳೋದು ಮುನ್ನೂರೈವತ್ತು.
ಐವತ್ತೊಂದು ರವಿಕೆ, ಮೇಲೊಂದರ ತೋಳು.
ಟೀ ಕೊಟ್ಟು ಕಳಿಸಿದೆ.

ಆಮೇಲೆ ಹೊಳೆಯಿತು, ಇದೂ ಅಳತೆ ತಪ್ಪಿದ ರವಿಕೆಯೇ.
ಮಳೆಗಾಲದಲ್ಲಿ ಊದಿಕೊಂಡು ಚಿಲಕವೇ ಬೀಳದು,
ಚಳಿಗೆ ಸೊರಗಿ ಎಲ್ಲ ಕಡೆ ಜೋಲು.
ಆಲ್ಟರ್ ಮಾಡೋದು ನನಗೆ ಬರುತ್ತೆ.

ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಮೆಲ್ಲಗೆ ನಡೆಸಿದೆ.
"ಕಿಟಕಿಗೆ ಮಂಗಳಾರತಿ ಎತ್ತೀಯಾ?" ಹಾಸಿಗೆಯಿಂದ ಅತ್ತೆ.
ಹೊಗೆ ನೆಟ್ಟಗೆ, ನೆಟ್ಟಗೆ,
ಕೀಲಿನ ಹತ್ತಿರ ಬಂದದ್ದೇ ಸೊಂಟ ಮುರಿದು ಒಳಗೆ ಬಾಗಿತು.
ಸೀಮೆಸುಣ್ಣದಲ್ಲಿ ಗುರುತು ಹಾಕಿ ಟೇಪು ಹಿಡಿದೆ.
ಬಲಗಂಕುಳಲ್ಲಿ ಕಾಲಿಂಚು ಸಡಿಲ.
ಕೆಳಗಡೆ, ಪಟ್ಟಿ ಬರಬೇಕಾದಲ್ಲಿ, ಪೂರ್ತಿ ಬಿಟ್ಟಿದೆ.

ಕತ್ತರಿಯ ತುದಿಯಿಂದ ಸಂದು ಕೆದಕಿದರೆ
ನನಗಿಂತ ಮೊದಲೇ ಯಾರ್ಯಾರೋ ಕೈಯಾಡಿಸಿದ್ದಾರೆ.
ಮಡಿಸಿ ಮಡಿಸಿ ಚಕ್ಕೆಯಾದ ಬಸ್ ಟಿಕೀಟುಗಳು,
ಬೀಡಿ ಕಟ್ಟಿನ ಕಾಗದ,
"ಊಟದ ನಂತರ ಒಂದು" ಎಂದಷ್ಟೇ ಉಳಿದ ಔಷಧಿ ಚೀಟಿ,
ಅರ್ಧ ತುಂಬಿಸಿದ ಪದಬಂಧ, ಮೇಲಿನಿಂದ ಕೆಳಕ್ಕೆ ಆರು ಖಾಲಿ.
ಎಲ್ಲಕ್ಕೂ ಒಳಗೆ, ಮೂಲೆಗೆ ತುರುಕಿದ
ನನ್ನೆರಡು ಬೆರಳು ಹಿಡಿಯುವಷ್ಟು ಕಾಲುಚೀಲ.
ಹಳದಿ ಉಣ್ಣೆ. ಒಂದೇ.

ಮೊರಕ್ಕೆ ಹಾಕಿ, ಮತ್ತೆ ಎತ್ತಿಕೊಂಡೆ.
ಯಾವ ಮಗುವೋ. ಪಿಳ್ಳಪ್ಪನವರನ್ನು ಕೇಳೋಣವೆಂದರೆ
ಅವರಿಗೆ ನೆನಪಿರುವುದು ಯಾರ ಅಡ್ವಾನ್ಸು ಎಷ್ಟು ಹಿಡಿದದ್ದು ಅಂತ ಮಾತ್ರ.

ಹತ್ತಿ ಹುರಿಗೆ ಅಸ್ತರು ಸುತ್ತಿ ಏಳು ಗಜ ಪೈಪಿಂಗ್ ಹೊಲಿದೆ.
ಕಾಂತಮಣಿಯವರ ನೇರಳೆ, ಯಾರದೋ ಮದುವೆಯ ಗಿಣಿಹಸಿರು,
ನರ್ಸು ಎಸ್ತರಮ್ಮನ ಬಿಳಿ,
ಉಳಿದ ತುಂಡು ವಾಪಸು ಕೇಳದವರದ್ದೆಲ್ಲ.
ಸಣ್ಣ ಮೊಳೆ, ಗೇಣಿಗೆರಡು.
ಗಾಜು ಕುಣಿಯುವಲ್ಲಿ ಪುಟ್ಟಿ, ಚಪಾತಿ ಹಿಟ್ಟಿನ ಹಾಗೆ ನಾದಿ.
ಆ ಮೂಲೆಯೊಂದು ಮಾತ್ರ ಒಪ್ಪಲಿಲ್ಲ.
ಬಟ್ಟೆ ಇಟ್ಟೆ, ದಪ್ಪವಾಯಿತು. ಸ್ಪಂಜು ಇಟ್ಟೆ, ಜಾರಿತು.
ಕೊನೆಗೆ ಕಾಲುಚೀಲವನ್ನೇ ಕೊಡವಿ, ಮಡಿಸಿ, ಇದ್ದಲ್ಲೇ ಇಟ್ಟೆ.
ಅದರಷ್ಟು ಸರಿಯಾಗಿ ಬೇರೇನೂ ಕೂರಲಿಲ್ಲ.

ರಾತ್ರಿ ಹನ್ನೊಂದಾದರೂ ಅತ್ತೆ ಬಿ.ಪಿ. ಮಾತ್ರೆ ನುಂಗಿಲ್ಲ.
ಗೂಡ್ಸು ಹೋಗುವಾಗ ಗಾಜುಗಳು ಕಟಕಟ ಹಲ್ಲು ಕಡಿಯಬೇಕು,
ಆಗಲೇ ಅವರಿಗೆ ಹತ್ತೂವರೆ. ಈ ಮನೆಗೆ ಬಂದಾಗಿನಿಂದ
ಹತ್ತಿ ದಾಟಿ ಕಿವಿ ಮುಟ್ಟುವ ಗಡಿಯಾರ ಅದೊಂದೇ.
"ರೈಲು ಇವತ್ತು ಬರಲಿಲ್ವೇನೇ?"
"ಬಂತು, ಹೋಯ್ತು ಅತ್ತೆ."
ನಂಬಲಿಲ್ಲ. ಟೋಪಿ ತೆಗೆದು, ಮಫ್ಲರು ಬಿಚ್ಚಿ, ಹತ್ತಿ ಕಿತ್ತು
ಕಿಟಕಿ ಪಕ್ಕ ಕುರ್ಚಿ ಎಳೆಸಿಕೊಂಡು ಕೂತರು, ಮುಂದಿನದಕ್ಕೆ.
ಬಂದಾಗ ಗಾಜಿಗೆ ಅಂಗೈ ಒತ್ತಿದರು.
"ನಡುಗ್ತದೆ ಕಣೇ," ಅಂದರು, "ಬಾಯಿ ಮುಚ್ಕೊಂಡು."
ನೀರು ಕೇಳಿದರು.

ಅಡುಗೆಮನೆಯದು ಇನ್ನೂ ಬಾಕಿ.
ಅಳತೆ ಪುಸ್ತಕದಲ್ಲಿ, ಶಶಿಪ್ರಭಾ ಟೀಚರ ರವಿಕೆಯ ಕೆಳಗೆ,
ಬರೆದಿಟ್ಟಿದ್ದೇನೆ: ಉದ್ದ ಮೂವತ್ತಾರು, ಅಗಲ ಇಪ್ಪತ್ತೆರಡು,
ಎಡಗಡೆ ಸಡಿಲ.
ಸಂಕ್ರಾಂತಿಯೊಳಗೆ ಬೇಕು.